ಹಿಮದ ಹಾದಿಯಲ್ಲಿ ಮಕ್ಕಳ ಪುಟ್ಟ ಕಾರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇಂದು ಒಂದೇ ಬಗೆಯ ಛಾಯಾಚಿತ್ರ ಕಾಣಸಿಗುತ್ತದೆ. ಮೊಣಕಾಲೆತ್ತರ ಬಿದ್ದ ಬಿಳಿಯ ಹಿಮ. ಅದರ ನಡುವೆ ಒಂದು ಪುಟ್ಟ ಕಾರು. ಕಾರಿಗೊರಗಿ ನಿಂತ ಮಗ, ದಪ್ಪ ಕೋಟು ತೊಟ್ಟ ಸೊಸೆ, ಕಿವಿ ಮುಚ್ಚುವಂತೆ ಟೋಪಿ ಇಳಿಬಿಟ್ಟ ಮೊಮ್ಮಗು. ಬಂದವರಿಗೆಲ್ಲ ಆ ಚಿತ್ರವನ್ನು ತೋರಿಸಿ ಹೆತ್ತವರು ಹಿಗ್ಗುತ್ತಾರೆ. ಹಿಗ್ಗುವುದು ಸಹಜವೇ. ಆದರೆ ಆ ಬಿಳಿಯ ಹಾಸಿನ ಮೇಲೆ ದಿನವೂ ಕಾರು ನಡೆಸುವುದು ಎಂಥ ಎಚ್ಚರದ ಕೆಲಸವೆಂಬುದು ಇಲ್ಲಿರುವ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ತಿಳಿಯದ ಕಾರಣ, ಇಲ್ಲಿ ಕುಳಿತೇ ಒಮ್ಮೊಮ್ಮೆ ನಾವು ಅವರನ್ನು ಅಪಾಯದತ್ತ ದೂಡುತ್ತೇವೆ. ಮಾತು ಕಟುವೆನಿಸಬಹುದು, ಆದರೂ ಹೇಳಲೇಬೇಕಾಗಿದೆ.

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಹೊರದೇಶಕ್ಕೆ ತೆರಳಿದ ನಮ್ಮ ಸೀಮೆಯ ಮಕ್ಕಳು ಅಮೇರಿಕೆಯ ಮಿಷಿಗನ್, ಇಲಿನಾಯ್, ಮಿನೆಸೊಟಾ, ನ್ಯೂಜೆರ್ಸಿ ರಾಜ್ಯಗಳಲ್ಲಿಯೂ ಕೆನಡಾದ ಟೊರಾಂಟೊ ನಗರದಲ್ಲಿಯೂ ನೆಲೆಸಿದ್ದಾರೆ. ಉತ್ತರ ಅಮೇರಿಕಾ ವೀರಶೈವ ಸಮಾಜದ ಶಾಖೆಗಳು ಅಲ್ಲಿನ ಹಲವು ಊರುಗಳಲ್ಲಿ ಇರುವುದು ವಾಚಕರಿಗೆ ತಿಳಿದೇ ಇದೆ. ಆ ಸಮಾಜದ ವಾರ್ಷಿಕ ಸಮ್ಮೇಳನ ಬೇಸಿಗೆಯಲ್ಲಿ ನಡೆಯುವುದು ವಾಡಿಕೆ. ದೂರದೂರುಗಳಿಂದ ಸಂಸಾರಸಮೇತ ಕಾರಿನಲ್ಲಿ ಬರುವವರಿಗೆ ಅದೇ ಅನುಕೂಲ. ನವೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿನ ಪ್ರಯಾಣದ ಕಥೆಯೇ ಬೇರೆ. ನಮ್ಮಲ್ಲಿಯಂತೆ ಊರೂರಿಗೆ ಬರುವ ಬಸ್ಸಿನ ಸೌಕರ್ಯ ಅಲ್ಲಿ ಎಲ್ಲೆಡೆಯೂ ಇಲ್ಲ. ಹಾಲು ತರಬೇಕಾದರೂ ಕಾರು, ಮಗುವನ್ನು ವೈದ್ಯರಲ್ಲಿಗೆ ಒಯ್ಯಬೇಕಾದರೂ ಕಾರು.

ಹೊಸದಾಗಿ ಸಂಸಾರ ಹೂಡಿದವರು ಪೆಟ್ರೋಲಿನ ಖರ್ಚು ಉಳಿಯಲೆಂದು ಸಣ್ಣ ಹೈಬ್ರಿಡ್ ಕಾರನ್ನು ಆರಿಸಿಕೊಳ್ಳುವುದುಂಟು. ಜಪಾನಿನ ಟೊಯೊಟಾ ಕಂಪನಿಯು 1997ರಲ್ಲಿ ತನ್ನ ದೇಶದಲ್ಲಿಯೂ 2000ದಲ್ಲಿ ಅಮೇರಿಕೆಯಲ್ಲಿಯೂ ಮಾರಾಟಕ್ಕೆ ತಂದ ಪ್ರಿಯಸ್ ಎಂಬ ಕಾರು ಈ ಜಾತಿಯಲ್ಲಿ ಹೆಸರಾದದ್ದು. ನಮ್ಮ ದೇಶದಲ್ಲಿಯೂ 2022ರಿಂದೀಚೆಗೆ ಹೋಂಡಾ ಸಿಟಿ, ಗ್ರ್ಯಾಂಡ್ ವಿಟಾರಾ, ಹೈರೈಡರ್ ಮುಂತಾದ ಕಾರುಗಳು ಹೈಬ್ರಿಡ್ ರೂಪದಲ್ಲಿ ದೊರೆಯುತ್ತಿರುವುದರಿಂದ ಈ ಪದ ಈಗ ಅಪರಿಚಿತವೇನಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ವಿದ್ಯುತ್ ಮೋಟಾರು. ನಿಧಾನವಾಗಿ ಸಾಗುವಾಗ ಮೋಟಾರೇ ಎಳೆಯುತ್ತದೆ. ವೇಗ ಬೇಕಾದಾಗ ಎಂಜಿನ್ ಜೊತೆಗೂಡುತ್ತದೆ. ಬ್ರೇಕು ಒತ್ತಿದಾಗ ಗಾಲಿಗಳೇ ಮೋಟಾರನ್ನು ತಿರುಗಿಸಿ ವಿದ್ಯುತ್ತನ್ನು ಮರಳಿ ಬ್ಯಾಟರಿಗೆ ತುಂಬುತ್ತವೆ. ಕಾರು ನಿಂತಾಗ ಎಂಜಿನ್ ತಾನಾಗಿ ಆರುತ್ತದೆ. ಬೇಕಾದಾಗ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಕೊನೆಯ ಗುಣವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುತ್ತದೆ.

ಚಳಿಯಲ್ಲಿ ಈ ಜೋಡೆತ್ತಿನ ಲೆಕ್ಕ ತಪ್ಪುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಒಳಗೆ ಕುಳಿತವರಿಗೆ ಬೆಚ್ಚಗಿನ ಗಾಳಿ ಎಂಜಿನ್ನಿನ ಶಾಖದಿಂದಲೇ ಬರಬೇಕಾಗುವುದರಿಂದ, ಬೇಸಿಗೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಎಂಜಿನ್ ಚಳಿಗಾಲದಲ್ಲಿ ದುಡಿಯುತ್ತಲೇ ಇರುತ್ತದೆ. ಅಮೇರಿಕಾ ಸರಕಾರದ ಇಂಧನ ಇಲಾಖೆಯ ಲೆಕ್ಕದಂತೆ, 25 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಕೊಡುವ ಮೈಲೇಜಿಗೆ ಹೋಲಿಸಿದರೆ ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಸಾಧಾರಣ ಪೆಟ್ರೋಲ್ ಕಾರು ಪಟ್ಟಣದೊಳಗೆ ಶೇಕಡಾ 15ರಷ್ಟು ಕಡಿಮೆ ಕೊಟ್ಟರೆ, ಹೈಬ್ರಿಡ್ ಕಾರಿನ ಕೊರತೆ ಶೇಕಡಾ 30ರಿಂದ 34ರವರೆಗೆ ಮುಟ್ಟಬಹುದು. ನಮ್ಮ ಕಡೆಯ ತಂದೆಯಂದಿರು ಫೋನಿನಲ್ಲಿ ಕುಶಲ ವಿಚಾರಿಸುವ ಮೊದಲೇ “ಗಾಡಿ ಎಷ್ಟು ಕೊಡ್ತದೆ” ಎಂದು ಕೇಳುವವರು. ಜನವರಿಯಲ್ಲಿ ಮಗ ಕಡಿಮೆ ಸಂಖ್ಯೆ ಹೇಳಿದರೆ ಮೋಸ ಹೋದನೆಂದು ಚಿಂತಿಸಬೇಕಾಗಿಲ್ಲ. ಪೆಟ್ರೋಲು ಉಳಿಸಲೆಂದು ಬಿಸಿಗಾಳಿ ಆರಿಸಿ, ಗಾಜಿಗೆ ಮಂಜು ಕಟ್ಟಿಸಿಕೊಂಡು ಕಾರು ನಡೆಸುವಂತೆ ಅವನಿಗೆ ಉಪದೇಶಿಸಲೂಬಾರದು.

ಹಿಮದಲ್ಲಿ ಕಾರನ್ನು ಕಾಯುವ ಮೊದಲ ವಸ್ತು ಟೈರು. ಭದ್ರಾ ನಾಲೆಯ ನೀರು ಕಂಡ ಗದ್ದೆಗಳ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಟಿಗೆ ಮುನ್ನ ಕೆಸರುಗದ್ದೆಗೆ ಟ್ರ್ಯಾಕ್ಟರ್ ಇಳಿಸುವವರು ಗಾಲಿಗೆ ಕಬ್ಬಿಣದ ಕೇಜ್ ವೀಲ್ ಜೋಡಿಸಿಕೊಳ್ಳುತ್ತಾರೆ. ಬರಿಯ ರಬ್ಬರ್ ಗಾಲಿ ಅಲ್ಲಿ ನಿಂತಲ್ಲೇ ಸುತ್ತುತ್ತದೆ. ಜಗಳೂರಿನ ಎರೆಹೊಲದಲ್ಲಿ ಒಂದು ಹದಮಳೆ ಬಿದ್ದ ಮರುದಿನ ಸ್ಕೂಟರು ತಂದವನ ಪಾಡನ್ನೂ ನೆನೆಯಬಹುದು. ಅಂಥದೇ ವಿವೇಕ ಹಿಮಕ್ಕೂ ಬೇಕು. ಹೈಬ್ರಿಡ್ ಕಾರುಗಳಿಗೆ ಕಂಪನಿ ಹಾಕಿಕೊಡುವ ಟೈರುಗಳು ಸಾಮಾನ್ಯವಾಗಿ ಇಂಧನ ಉಳಿತಾಯಕ್ಕೆಂದು, ಸಲೀಸಾಗಿ ಉರುಳುವಂತೆ ಮಾಡಿದವು. ಹವೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಸಾಧಾರಣ ಟೈರಿನ ರಬ್ಬರು ಬಿರುಸಾಗಿ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಅಂಥ ಚಳಿಯಲ್ಲೂ ಮೆದುವಾಗಿ ಉಳಿಯುತ್ತದೆ. ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚಿ 15ರವರೆಗೆ ಇಂಥ ಟೈರು ಕಾನೂನಿನ ಪ್ರಕಾರ ಕಡ್ಡಾಯ. ಉಳಿದೆಡೆ ಕಡ್ಡಾಯವಿಲ್ಲವೆಂದು ಕೆಲವರು ಮುಂದಕ್ಕೆ ಹಾಕುತ್ತಾರೆ; ಇಲ್ಲವೇ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಹಾಕಿಸುತ್ತಾರೆ. ಹಾಗೆ ಮಾಡಿದರೆ ಮುಂಭಾಗ ಹಿಡಿತ ಪಡೆದು ಹಿಂಭಾಗ ಜಾರಿ ಕಾರು ಬುಗುರಿಯಂತೆ ತಿರುಗುವ ಸಂಭವವಿದೆ. ನಾಲ್ಕಕ್ಕೂ ಹಾಕಿಸಬೇಕು. ಹವೆ ಐದಾರು ಡಿಗ್ರಿ ಇಳಿದಂತೆಲ್ಲ ಟೈರಿನ ಗಾಳಿಯ ಒತ್ತಡವೂ ಒಂದು ಪೌಂಡಿನಷ್ಟು ಇಳಿಯುತ್ತದೆ. ಅದನ್ನೂ ಆಗಾಗ ನೋಡಿಸಬೇಕು.

ಸಣ್ಣ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಗೇಣು ಮೀರಿ ಬಿದ್ದ ಹಿಮದಲ್ಲಿ ಅದು ಕುಂಟೆ ಹೊಡೆದಂತೆ ಹಿಮವನ್ನು ಮುಂದೆ ದೂಡುತ್ತ ಹೋಗಿ ಕೊನೆಗೆ ಅದರ ಮೇಲೆಯೇ ಕುಳಿತುಬಿಡುತ್ತದೆ. ಟೈರು ಎಷ್ಟೇ ಒಳ್ಳೆಯದಿರಲಿ, ನೆಲ ಮುಟ್ಟದ ಗಾಲಿ ಏನು ಮಾಡೀತು? ಹಿಮ ಸರಿಸುವ ಸರಕಾರಿ ವಾಹನ ಬಂದು ಹೋಗುವವರೆಗೆ ಮನೆಯಲ್ಲಿರುವುದೊಂದೇ ದಾರಿ.

ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಕೆಟ್ಟದ್ದು. ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ, ರಸ್ತೆಯ ಮೇಲೆ ಗಾಜಿನ ತೆಳು ಪದರದಂತೆ ಕೂರುತ್ತದೆ. ಅದರಡಿ ಡಾಂಬರು ಕಾಣುವುದರಿಂದ ರಸ್ತೆ ಬರಿದೇ ಒದ್ದೆಯಾಗಿರುವಂತೆ ತೋರುತ್ತದೆ. ಅಲ್ಲಿಯವರು ಇದನ್ನು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಸೇತುವೆಗಳ ಮೇಲೆ ಇದು ಮೊದಲು ಕಟ್ಟುತ್ತದೆ. ಅಲ್ಲಿ ಚಳಿಗಾಳಿ ಮೇಲೂ ಕೆಳಗೂ ಬೀಸುವುದರಿಂದ ನೆಲದ ಕಾವು ಸಿಗುವುದಿಲ್ಲ. ಒಣ ರಸ್ತೆಯಲ್ಲಿ ನಿಲ್ಲುವುದಕ್ಕೆ ಬೇಕಾಗುವ ದೂರದ ಹತ್ತರಷ್ಟು ದೂರ ಮಂಜುಗಡ್ಡೆಯ ಮೇಲೆ ಬೇಕಾಗಬಹುದು. ಆದ್ದರಿಂದ ಮುಂದಿನ ವಾಹನಕ್ಕೂ ತಮಗೂ ನಡುವೆ ಬಹಳ ಅಂತರ ಬಿಡಬೇಕು. ಸ್ಟೀರಿಂಗು, ಬ್ರೇಕು, ವೇಗ ಈ ಮೂರರಲ್ಲಿ ಯಾವುದನ್ನೂ ಜರ್ರನೆ ಬದಲಿಸಬಾರದು. ಹೊನ್ನಾಳಿ ಕಡೆಯ ಒಬ್ಬ ಹೆಣ್ಣುಮಗಳು, ಮಿಷಿಗನ್ನಿನಲ್ಲಿ ಹಲವಾರು ಚಳಿಗಾಲ ಇಂಥ ಕಾರು ನಡೆಸಿದವಳು, ಇದನ್ನೇ ತನ್ನ ಮಾತಿನಲ್ಲಿ ನನಗೆ ಹೇಳಿದಳು: “ಗದ್ದೆ ಬದುವಿನ ಮೇಲೆ ತುಂಬಿದ ಕೊಡ ಹೊತ್ಕೊಂಡು ನಡೀತೀವಲ್ಲ ಗುರುಗಳೇ, ಹಂಗೆ ಓಡಿಸ್ಬೇಕು.” ಯಾವ ಚಾಲನಾ ಕೈಪಿಡಿಯೂ ಇಷ್ಟು ಚೆನ್ನಾಗಿ ಹೇಳಲಾರದು.

ಬ್ರೇಕಿನ ವಿಷಯದಲ್ಲಿ ಹೈಬ್ರಿಡ್ ಕಾರಿಗೆ ಒಂದು ವಿಶೇಷವಿದೆ. ಮೆಲ್ಲಗೆ ಬ್ರೇಕು ಒತ್ತಿದಾಗ ಕಾರನ್ನು ತಡೆಯುವುದು ಬಹುಮಟ್ಟಿಗೆ ಮೋಟಾರು. ಗಾಲಿ ಜಾರಿದ ಕ್ಷಣ ಆ ಕೆಲಸ ಸಾಧಾರಣ ಬ್ರೇಕಿಗೆ ವರ್ಗವಾಗುತ್ತದೆ. ಈ ಬದಲಾವಣೆಯ ಸಂಧಿಯಲ್ಲಿ ಕಾರು ಒಂದಿಷ್ಟು ಮುಂದಕ್ಕೆ ನುಗ್ಗಿದ ಅನುಭವವಾಗಬಹುದು. 2010ರ ಫೆಬ್ರವರಿಯಲ್ಲಿ ಟೊಯೊಟಾ ಕಂಪನಿಯು ಆಗಿನ ಹೊಸ ಪ್ರಿಯಸ್ ಮೊದಲಾದ 4 ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ವಾಹನಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿ, ಇದೇ ಸಂಬಂಧದ ಬ್ರೇಕಿನ ಗಣಕವ್ಯವಸ್ಥೆಯನ್ನು ತಿದ್ದಿಕೊಟ್ಟಿತು. ಹಳೆಯ ಕಾರು ಕೊಳ್ಳುವ ವಿದ್ಯಾರ್ಥಿಗಳು ಆ ತಿದ್ದುಪಡಿ ಆಗಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಆಧುನಿಕ ಕಾರುಗಳಲ್ಲಿ ಗಾಲಿ ಸಿಕ್ಕಿಕೊಳ್ಳದಂತೆ ತಡೆಯುವ ಏರ್ಪಾಡು ಇರುವುದರಿಂದ, ಬ್ರೇಕನ್ನು ಒತ್ತಿ ಬಿಟ್ಟು ಮಾಡದೆ ಒತ್ತಿಯೇ ಹಿಡಿಯಬೇಕು. ಕಾಲಿನಡಿ ಗಡಗಡ ಅದುರಿದರೆ ಹೆದರಬಾರದು. ಊರಿನಲ್ಲಿ ಜೀಪು, ಲಾರಿ ನಡೆಸಿ ಪಳಗಿದವರ ಕಾಲು ಈ ಪಾಠಕ್ಕೆ ಬೇಗ ಒಪ್ಪುವುದಿಲ್ಲ.

ಹಿಮದಲ್ಲಿ ಹೂತ ಹೈಬ್ರಿಡ್ ಕಾರು ಎಷ್ಟು ಒತ್ತಿದರೂ ಕದಲದೆ ನಿಲ್ಲುವುದುಂಟು. ಗಾಲಿ ಜಾರುತ್ತಿರುವುದನ್ನು ಅರಿತ ಗಣಕವು ಶಕ್ತಿಯನ್ನೇ ಕಡಿದುಬಿಡುತ್ತದೆ. ಕೆಲವು ಮಾದರಿಗಳಲ್ಲಿ ಈ ತಡೆಯನ್ನು ತಾತ್ಕಾಲಿಕವಾಗಿ ಆರಿಸುವ ಗುಂಡಿಯಿದೆ. ಎಲ್ಲಿದೆಯೆಂಬುದನ್ನು ಮನೆಯಲ್ಲಿದ್ದಾಗಲೇ ಪುಸ್ತಕ ನೋಡಿ ತಿಳಿದಿರಬೇಕು. ಗಾಲಿಯಡಿ ಒಂದಿಷ್ಟು ಮರಳು ಚೆಲ್ಲಿದರೆ ಬಹಳಷ್ಟು ಸಲ ಕಾರು ಏಳುತ್ತದೆ.

ಇನ್ನು, ಮೊದಲೇ ನೆನಪಿಡಲು ಹೇಳಿದ ಮಾತಿಗೆ ಬರುತ್ತೇನೆ. ಈ ಲೇಖನ ಬರೆಯಲು ಕಾರಣವೂ ಇದೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದ ದುರಂತಗಳನ್ನು ನಾವು ಕೇಳಿದ್ದೇವೆ. ಅದಕ್ಕೆ ಕಾರಣವಾದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನ ಹೊಗೆಯಲ್ಲಿ ಇರುವುದೂ ಅದೇ. 2016ರ ಜನವರಿಯಲ್ಲಿ ಅಮೇರಿಕೆಯ ಪೂರ್ವತೀರದಲ್ಲಿ ಭಾರಿ ಹಿಮಪಾತವಾದಾಗ ನ್ಯೂಜೆರ್ಸಿಯ ಪಸೇಯಿಕ್ ಎಂಬ ಊರಿನಲ್ಲಿ ತಂದೆಯೊಬ್ಬ ಕಾರಿನ ಸುತ್ತಲ ಹಿಮವನ್ನು ಸಲಿಕೆಯಿಂದ ತೆಗೆಯುತ್ತಿದ್ದ. ತಾಯಿ ಮತ್ತು ಇಬ್ಬರು ಪುಟ್ಟ ಮಕ್ಕಳು ಬೆಚ್ಚಗಿರಲೆಂದು ಎಂಜಿನ್ ಚಾಲೂ ಇದ್ದ ಕಾರಿನೊಳಗೆ ಕುಳಿತಿದ್ದರು. ಹೊಗೆಕೊಳವೆ ಹಿಮದಿಂದ ಮುಚ್ಚಿಹೋಗಿತ್ತು. ತಾಯಿಯೂ ಗಂಡುಮಗುವೂ ತೀರಿಕೊಂಡರು. ಕೆಲವು ದಿನಗಳ ಬಳಿಕ ಹೆಣ್ಣುಮಗುವೂ ಹೋಯಿತು. ತಂದೆ ಕೆಲವೇ ಅಡಿಗಳ ದೂರದಲ್ಲಿದ್ದ.

ಹೈಬ್ರಿಡ್ ಕಾರಿನಲ್ಲಿ ಈ ಅಪಾಯ ಇನ್ನೂ ಗುಪ್ತವಾದದ್ದು. ಕೀಲಿ ತಿರುಗಿಸುವ ಬದಲು ಗುಂಡಿ ಒತ್ತುವ ಕಾರು ಅದು. ನಿಂತಾಗ ಸದ್ದೇ ಇರುವುದಿಲ್ಲವಾದ್ದರಿಂದ, ಆರಿಸಿದ್ದೇವೆಂದು ಭ್ರಮಿಸಿ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬಿಟ್ಟು ಒಳಗೆ ಹೋಗಿ ಮಲಗುವುದು ಸಾಧ್ಯ. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಹೊತ್ತಿಕೊಂಡು, ಹೊಗೆ ಮನೆಯೊಳಗೆ ಹರಡುತ್ತದೆ. ಕೀಲಿಯಿಲ್ಲದೆ ಚಾಲೂ ಆಗುವ ಬಗೆಬಗೆಯ ಕಾರುಗಳು ಹೀಗೆ ಗ್ಯಾರೇಜಿನಲ್ಲಿ ಉಳಿದು 2006ರಿಂದೀಚೆಗೆ ಎರಡು ಡಜನ್‌ಗೂ ಹೆಚ್ಚು ಜನ ಅಮೇರಿಕೆಯಲ್ಲಿ ಸತ್ತಿದ್ದಾರೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರಲ್ಲಿ ವರದಿ ಮಾಡಿತ್ತು. ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ಹೋಗುವ ನಮ್ಮ ತಾಯಂದಿರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಮಗ ಕಾರು ಬೆಚ್ಚಗಾಗಲಿ ಎಂದು ಗ್ಯಾರೇಜಿನೊಳಗೇ ಚಾಲೂ ಮಾಡಿ “ಅಮ್ಮ, ಮಗುನ ಕರ್ಕೊಂಡು ಕೂತಿರು” ಎಂದರೆ ಕೂರಬೇಡಿ. ಹೊರಗೆ ಹಿಮದಲ್ಲಿ ನಿಂತ ಕಾರಾದರೆ ಹೊಗೆಕೊಳವೆಯ ಬಾಯಿ ಬಿಡಿಸಿದ್ದಾನೆಯೇ ಎಂದು ಕೇಳಿ. ವಿಷಾನಿಲ ಸೂಸಿದರೆ ಕೂಗುವ ಪುಟ್ಟ ಯಂತ್ರ ಮನೆಯಲ್ಲಿದೆಯೇ ಎಂಬುದನ್ನೂ ಕೇಳಿ. ಅತಿಥಿಗಳಾಗಿ ಹೋದವರಿಗೆ ಇದು ಒಪ್ಪದ ಮಾತೆಂದು ಸಂಕೋಚಪಡಬೇಡಿ.

ಇಲ್ಲಿ ಉಳಿದವರ ಪಾಲೂ ಇದೆ. ಚಳಿಗಾಲದಲ್ಲಿ ಮಿಷಿಗನ್, ನ್ಯೂಜೆರ್ಸಿ, ಟೊರಾಂಟೊಗಳ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಇಲಿನಾಯ್, ಮಿನೆಸೊಟಾಗಳದು ಹನ್ನೊಂದೂವರೆ ಗಂಟೆ ಹಿಂದೆ. ಸಂಜೆ ಆರೂವರೆಗೆ ದೀಪ ಹಚ್ಚಿ ನಾವು ಮಗನಿಗೆ ಫೋನು ಮಾಡುವಾಗ ಅಲ್ಲಿ ಬೆಳಗಿನ ಎಂಟೋ ಏಳೋ ಗಂಟೆ. ರಾತ್ರಿಯ ಮಂಜುಗಡ್ಡೆ ಇನ್ನೂ ಕರಗದ ಹೆದ್ದಾರಿಯಲ್ಲಿ ಅವನು ಕೆಲಸಕ್ಕೆ ಹೊರಟಿರುತ್ತಾನೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಪೂಜೆ ಮುಗಿಸಿ ಐದು ಗಂಟೆಗೆ ಮಾಡಿದರೋ, ಅವನು ಸಂಜೆಯ ಕತ್ತಲಲ್ಲಿ ಮನೆಗೆ ಮರಳುತ್ತಿರುತ್ತಾನೆ. ಅಪ್ಪನ ಹೆಸರು ಕಂಡು ಎತ್ತದಿರಲು ಮಕ್ಕಳಿಗೆ ಮನಸ್ಸು ಬಾರದು. ಬೆಳಗಿನ ಏಳೂವರೆಯ ನಂತರ ಮಾಡಿದರೆ ಅವರು ಊಟ ಮುಗಿಸಿ ಮನೆಯಲ್ಲಿರುತ್ತಾರೆ.

ಬಸವ ಜಯಂತಿ ಬರುವ ಹೊತ್ತಿಗೆ ಅಲ್ಲಿ ಹಿಮ ಬಹುತೇಕ ಕರಗಿರುತ್ತದೆ. ಸಂಕ್ರಾಂತಿ, ಶಿವರಾತ್ರಿಗಳು ಹಾಗಲ್ಲ. ನಮ್ಮಲ್ಲಿ ಮಾಘಮಾಸದಲ್ಲಿ ತರಳಬಾಳು ಹುಣ್ಣಿಮೆಯ ಸಂಭ್ರಮ ನಡೆಯುವಾಗ ಅಲ್ಲಿ ಹಿಮ ತನ್ನ ಪೂರ್ಣ ಬಲದಲ್ಲಿರುತ್ತದೆ. ಅಂಥ ದಿನ “ಶಿವರಾತ್ರಿಗೆ ಗುಡಿಗೆ ಹೋಗಲಿಲ್ಲವೇ? ನಲವತ್ತು ಮೈಲಿ ಒಂದು ದೂರವೇ?” ಎಂದು ಕೇಳುವುದು ಇಷ್ಟಲಿಂಗಧಾರಿಗಳ ಬಾಯಲ್ಲಿ ಒಪ್ಪುವ ಮಾತಲ್ಲ. ಎದೆಯ ಮೇಲಿರುವ ಲಿಂಗವನ್ನು ಅಂಗೈಗೆ ತಂದು ಮನೆಯ ಮೂಲೆಯಲ್ಲಿ ಪೂಜಿಸುವ ಸ್ವಾತಂತ್ರ್ಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಕೊಟ್ಟಿದ್ದಾರೆ. ಅದನ್ನು ಬಿಟ್ಟು ಸ್ಥಾವರಕ್ಕಾಗಿ ಮಗುವನ್ನು ಮಂಜುಗಡ್ಡೆಯ ಮೇಲೆ ಕರೆದೊಯ್ಯಿರೆಂದು ಒತ್ತಾಯಿಸಿದರೆ, ಧರ್ಮದ ಹೆಸರಿನಲ್ಲಿ ಧರ್ಮವನ್ನೇ ಮರೆತಂತಾಗುತ್ತದೆ. ಬಂಧುಗಳ ಮನೆಯ ನಾಮಕರಣ, ಹೊಸಮನೆಯ ಪ್ರವೇಶ ಇವುಗಳಿಗೂ ಇದೇ ನ್ಯಾಯ. “ಹಿಮದಿಂದಾಗಿ ಬರಲಾಗಲಿಲ್ಲ” ಎಂದವರನ್ನು ಬಿಗುಮಾನದವರೆಂದು ಎಣಿಸುವ ಪದ್ಧತಿ ನಮ್ಮಲ್ಲಿ ನಿಲ್ಲಬೇಕು.

ಕಾರಿನ ಹಿಂಭಾಗದಲ್ಲಿ ಸಲಿಕೆ, ಮರಳಿನ ಚೀಲ, ಗಾಜಿನ ಮಂಜು ಕೆರೆಯುವ ಪಟ್ಟಿ, ಕೈದೀಪ, ಕುಡಿಯುವ ನೀರು, ಒಣ ತಿನಿಸು ಮತ್ತು ಹೊದಿಕೆ ಸದಾ ಇರಬೇಕೆಂಬುದು ಅಲ್ಲಿಯ ಅನುಭವಿಗಳ ಕ್ರಮ. 2022ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೊ ಪರಿಸರದಲ್ಲಿ ಹಿಮಮಾರುತ ಬೀಸಿ 40ಕ್ಕೂ ಹೆಚ್ಚು ಜನ ಸತ್ತಾಗ, ಅವರಲ್ಲಿ ಕಾರಿನಲ್ಲಿಯೇ ಸಿಕ್ಕಿಬಿದ್ದವರೂ ಇದ್ದರು. ಈ ಬಾರಿ ಮಕ್ಕಳಲ್ಲಿಗೆ ಹೊರಡುವವರು ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಶೇಂಗಾ ಹೋಳಿಗೆಗಳ ಜೊತೆಗೆ ನಮ್ಮ ಕಡೆಯ ಒಂದು ಕರಿಯ ಉಣ್ಣೆಯ ಕಂಬಳಿಗೂ ಜಾಗ ಮಾಡಿಕೊಳ್ಳಲಿ. ಮನೆಯ ಹಾಸಿಗೆಯ ಮೇಲಲ್ಲ, ಕಾರಿನ ಹಿಂದಿನ ಸೀಟಿನ ಮೇಲೆಯೇ ಅದನ್ನು ಇರಿಸಿ ಬರಲಿ.