ಕುರ್ಚಿಗೆ ಹತ್ತು ನಿಮಿಷ ರಜೆ

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ನಮ್ಮ ಹಿರಿಯರ ಗಾದೆ. ಅವರ ಕಾಲದಲ್ಲಿ ಕೂತವನೆಂದರೆ ಸೋಮಾರಿ. ದುಡಿಯುವವನು ನಿಂತೋ, ನಡೆದೋ, ಬಾಗಿಯೋ ದುಡಿಯುತ್ತಿದ್ದನು. ಕಾಲವು ಆ ಗಾದೆಯನ್ನೇ ತಿರುವಿ ಹಾಕಿದೆ. ಈಗ ಕೂತವನೇ ದುಡಿಯುವವನು. ಹೊನ್ನು ಹುಟ್ಟುವುದೇ ಕುರ್ಚಿಯಲ್ಲಿ. ಸಾಲದೆ ಬರುತ್ತಿರುವುದು ಹೊನ್ನಲ್ಲ, ಆರೋಗ್ಯ.

ಕುಮಟಾ, ಹೊನ್ನಾವರ, ಭಟ್ಕಳಗಳ ಕರಾವಳಿಯಲ್ಲಿ ಈ ಮಾರ್ಪಾಟು ಕಣ್ಣಿಗೆ ಕಟ್ಟುವಂತಿದೆ. ಅಘನಾಶಿನಿಯ ಅಳಿವೆಯಲ್ಲಿ ಸೊಂಟಮಟ್ಟದ ನೀರಿಗಿಳಿದು ಚಿಪ್ಪಿ ಹೆಕ್ಕುವವರು, ಗಜನಿಯ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಅಡಿಕೆಯ ಮರದಿಂದ ಮರಕ್ಕೆ ದಾಟುತ್ತ ಗೊನೆ ಕೊಯ್ಯುವ ಕೊನೆಗೌಡರು, ಕಡಲಲ್ಲಿ ಬಲೆಯೆಳೆಯುವವರು — ಇವರಾರಿಗೂ ‘ವ್ಯಾಯಾಮ ಮಾಡಿ’ ಎಂದು ಹೇಳಬೇಕಾದ ಪ್ರಮೇಯವಿಲ್ಲ. ಆದರೆ ಇಂಥ ಮನೆಗಳ ಮಕ್ಕಳೇ ಇಂದು ಬ್ಯಾಂಕು, ತಾಲೂಕು ಕಛೇರಿ, ಶಾಲೆ, ಕಾಲೇಜುಗಳಲ್ಲಿ ನೌಕರರಾಗಿದ್ದಾರೆ. ಅವರ ತಟ್ಟೆಯ ಅನ್ನ ಕಡಮೆಯಾಗಲಿಲ್ಲ. ಅದನ್ನು ಕರಗಿಸುತ್ತಿದ್ದ ದುಡಿಮೆ ಮಾತ್ರ ಮಾಯವಾಯಿತು.

ಕುರ್ಚಿಯು ಮನುಷ್ಯನಿಗೆ ಮಾಡುವ ಕೇಡನ್ನು ಲೋಕಕ್ಕೆ ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟುದು ಲಂಡನ್ ನಗರದ ಬಸ್ಸುಗಳೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅಲ್ಲಿನ ಎರಡಂತಸ್ತಿನ ಬಸ್ಸಿನಲ್ಲಿ ಆಗ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ಟಿಕೇಟಿಗಾಗಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದನು. ಇಬ್ಬರದೂ ಒಂದೇ ಬಸ್ಸು, ಒಂದೇ ಸಂಸ್ಥೆ. ಜೆರೆಮಿ ಮಾರಿಸ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳೊಡನೆ ಇಂಥ ಸಾವಿರಾರು ನೌಕರರನ್ನು ಪರಿಶೀಲಿಸಿ, ಹೃದಯರೋಗವು ನಿರ್ವಾಹಕರಿಗಿಂತ ಚಾಲಕರಲ್ಲಿ ಹೆಚ್ಚೆಂದು 1953ರಲ್ಲಿ ಪ್ರಕಟಿಸಿದರು. ಕಾಗದ ಹಂಚುತ್ತ ಅಲೆಯುವ ಅಂಚೆಯವನಿಗೂ ಕುಳಿತು ಬರೆಯುವ ಗುಮಾಸ್ತನಿಗೂ ಇದೇ ಬಗೆಯ ಅಂತರ ಕಂಡುಬಂದಿತು. ಚಾಲಕರು ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪಗಿದ್ದರೆಂಬುದು ಮುಂದೆ ತಿಳಿದುಬಂದರೂ, ಅನಂತರದ ಅನೇಕ ಅಧ್ಯಯನಗಳು ಮೂಲ ಮಾತನ್ನು ಎತ್ತಿಹಿಡಿದಿವೆ. ಸ್ವತಃ ವ್ಯಾಯಾಮಪ್ರಿಯರಾಗಿದ್ದ ಮಾರಿಸರು 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ನಮ್ಮ ದೇಶದ ಸ್ಥಿತಿ ನೆಮ್ಮದಿ ತರುವಂಥದಲ್ಲ. 2024ರಲ್ಲಿ ಪ್ರಕಟವಾದ ಲೆಕ್ಕದಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸಾಕಷ್ಟು ದೇಹಶ್ರಮವಿರಲಿಲ್ಲ. ಪುರುಷರಲ್ಲಿ ಶೇಕಡ 42, ಸ್ತ್ರೀಯರಲ್ಲಿ ಶೇಕಡ 57. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆಯೆಂದು 2023ರ ಇನ್ನೊಂದು ವರದಿ ಹೇಳಿತು.

ಇದಕ್ಕೆ ಮದ್ದು ಎಲ್ಲರಿಗೂ ತಿಳಿದದ್ದೇ. ‘ಬೆಳಿಗ್ಗೆ ಬೇಗನೆ ಏಳಿ, ನಡೆಯಿರಿ’ ಎಂದು ವೈದ್ಯರು ಹೇಳುತ್ತಾರೆ, ಕೇಳಿದವರು ತಲೆದೂಗುತ್ತಾರೆ, ಯಾರೂ ಏಳುವುದಿಲ್ಲ. ಇದನ್ನು ಸೋಮಾರಿತನವೆಂದು ಹಳಿಯುವುದು ಸುಲಭ. ಆದರೆ ನೌಕರನ ದಿನಚರಿಯನ್ನು ಸ್ವಲ್ಪ ಬಿಡಿಸಿ ನೋಡಿರಿ. ಕುಮಟಾದಲ್ಲಿ ಮನೆ, ಭಟ್ಕಳದಲ್ಲಿ ಕೆಲಸವಾದರೆ ಹೋಗಲು ಸುಮಾರು 60 ಕಿಲೋಮೀಟರು, ಬರಲು ಅಷ್ಟೇ. ಹೆದ್ದಾರಿ ಅಗಲವಾದಷ್ಟೂ ಅದರ ಅಂಚಿನಲ್ಲಿ ಕಾಲ್ನಡಿಗೆಯವನಿಗೆ ಅಂಜಿಕೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಬೇಸಗೆಯಲ್ಲಿ ಮೈಯೆಲ್ಲ ಬೆವರಿಳಿಸುವ ಸೆಕೆ. ಇನ್ನು ಉದ್ಯೋಗಸ್ಥ ಗೃಹಿಣಿಗೆ ಮುಂಜಾನೆಯೂ ಅಡಿಗೆಮನೆಯದು, ಸಂಜೆಯೂ ಅಡಿಗೆಮನೆಯದು. ಆಕೆಗೆ ‘ನಸುಕಿನಲ್ಲಿ ಸಮುದ್ರತೀರಕ್ಕೆ ಹೋಗಿ ಬನ್ನಿ’ ಎಂದು ಬುದ್ಧಿ ಹೇಳುವವರು, ಮೊದಲು ಆ ಹೊತ್ತಿಗೆ ದೋಸೆ ಹುಯ್ಯುವವರು ಯಾರೆಂಬುದನ್ನೂ ಹೇಳಬೇಕು.

ಆದ್ದರಿಂದ ನೌಕರರ ವ್ಯಾಯಾಮವು ಅವರ ಬಿಡುವಿನ ವೇಳೆಯಿಂದ ಕಸಿದದ್ದಾಗಬಾರದು. ಕೆಲಸದ ವೇಳೆಯಲ್ಲಿಯೇ ಅದಕ್ಕೆ ಸ್ಥಳ ದೊರೆಯಬೇಕು. ಕುರ್ಚಿ ಕೊಟ್ಟವರೇ ಅದರಿಂದ ಏಳಲು ಅವಕಾಶವನ್ನೂ ಕೊಡುವುದು ನ್ಯಾಯ. ಈ ಮಾತು ಸರ್ಕಾರಕ್ಕೂ ಹೊಳೆಯದೆ ಇಲ್ಲ. ಕೇಂದ್ರದ ಆಯುಷ್ ಸಚಿವಾಲಯವು ಕೆಲಸದ ನಡುವೆ ಐದೇ ನಿಮಿಷದಲ್ಲಿ ಮುಗಿಯುವ ಯೋಗಕ್ರಮವೊಂದನ್ನು ‘ವೈ ಬ್ರೇಕ್’ ಎಂಬ ಹೆಸರಿನಿಂದ ರೂಪಿಸಿದೆ. ಕುರ್ಚಿಯಲ್ಲಿಯೇ ಮಾಡಬಹುದಾದ ಕ್ರಮವೂ ಅದರಲ್ಲುಂಟು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಿಧಿಸಿದ್ದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ಅದನ್ನು ಒಂದೇ ಸಲಕ್ಕೆ ಮಾಡಬೇಕಾಗಿಲ್ಲ. ತುಣುಕು ತುಣುಕಾಗಿಯೂ ಕೂಡಿಸಬಹುದು. ಲೆಕ್ಕ ಹಾಕಿರಿ: ಬಸ್ಸಿಳಿದು ರಿಕ್ಷಾ ಹತ್ತದೆ ಹತ್ತು ನಿಮಿಷ ಬಿರುಸಿನ ನಡಿಗೆ, ಮರಳುವಾಗ ಹತ್ತು, ನಡುವೆ ಕಛೇರಿಯಲ್ಲಿ ಹತ್ತು, ವಾರಕ್ಕೆ ಐದು ದಿನವಾದರೆ ನೂರೈವತ್ತು ನಿಮಿಷ ಸಂದಿತು! ಮಾತನಾಡಲು ಬರಬೇಕು, ಹಾಡಲು ಬರಬಾರದು — ಬಿರುಸಿಗೆ ಇದೇ ಅಳತೆಗೋಲು. ಮಳೆಗಾಲದಲ್ಲಿ ಕಛೇರಿಯ ಜಗಲಿ, ಮೆಟ್ಟಿಲುಗಳೇ ಬಯಲು. ನೀರಿನ ಹೂಜಿಯನ್ನು ಮೇಜಿನಿಂದ ದೂರವಿಡುವುದು, ಕಡತವನ್ನು ಜವಾನನ ಕೈಗೆ ಕೊಡದೆ ತಾನೇ ಒಯ್ಯುವುದು, ಫೋನಿನಲ್ಲಿ ನಿಂತು ಮಾತನಾಡುವುದು — ಇವಕ್ಕೆ ಕಾಸಿನ ಖರ್ಚೂ ಇಲ್ಲ.

ಆದರೆ ಮೊದಲು ಏಳಬೇಕಾದವರು ಮೇಲಧಿಕಾರಿಗಳು. ಅವರು ಕೂತಲ್ಲೇ ಕೂತು ಗೋಡೆಗೆ ಸುತ್ತೋಲೆ ಹಚ್ಚಿದರೆ ಗುಮಾಸ್ತನು ಎದ್ದಾನೆಯೆ? ‘ಕೆಲಸಗಳ್ಳ’ ಎನಿಸಿಕೊಳ್ಳುವ ಭಯವೇ ಅವನನ್ನು ಕುರ್ಚಿಗೆ ಕಟ್ಟಿಹಾಕುವ ಹಗ್ಗ. ಹಾಗೆಂದು ಒತ್ತಾಯವೂ ಸಲ್ಲದು. ಮೊಣಕಾಲು ನೋವು, ಎದೆನೋವುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೊಡಗಬೇಕು. ರಂಜಾನಿನ ಉಪವಾಸವಿರುವವರಿಗೆ ಹೊತ್ತನ್ನು ಹೊಂದಿಸಿಕೊಡಬೇಕು. ಸರ್ಕಾರಿ ನೌಕರರ ಕ್ರೀಡಾಕೂಟಗಳು ಒಳ್ಳೆಯ ಸಂಪ್ರದಾಯವೇನೋ ಹೌದು. ಆದರೆ ವರ್ಷವಿಡೀ ಕುಳಿತವನು ನಲವತ್ತೈದರ ಪ್ರಾಯದಲ್ಲಿ ಒಮ್ಮೆಲೇ ನೂರು ಮೀಟರು ಓಡಿದರೆ ಪದಕಕ್ಕಿಂತ ಮೊದಲು ದೊರೆಯುವುದು ಸ್ನಾಯುಸೆಳೆತ. ಮೂರು ತಿಂಗಳು ಮುಂಚಿತವಾಗಿ ಅಭ್ಯಾಸ ನಡೆದರೆ ಆ ಒಂದು ದಿನಕ್ಕೂ ಅರ್ಥ ಬಂದೀತು.

ವಾಲಿಬಾಲಿಗೂ ಕಬಡ್ಡಿಗೂ ಒಲ್ಲೆನೆನ್ನುವವರಿಗೆ ನಮ್ಮ ನೆಲದಲ್ಲಿಯೇ ಒಂದು ಸೊಗಸಾದ ಅಂಗಸಾಧನೆಯುಂಟು. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಪ್ಪತ್ತೈದು ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಸ್ಥಳದಲ್ಲಿ ಕುಣಿದದ್ದನ್ನು ಕಂಡವರು ಬಹಳ ಮಂದಿ. ಅವರ ಕಲೆ ಎಲ್ಲರಿಗೂ ಒಲಿಯದು. ಆದರೆ ಸಂಜೆ ಅರ್ಧ ಗಂಟೆ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಲು ಯಾವ ಶಿಕ್ಷಕನಿಗೂ, ಬ್ಯಾಂಕಿನ ನೌಕರಳಿಗೂ ಅಡ್ಡಿಯಿಲ್ಲ. ಗುರುವೊಬ್ಬರನ್ನು ಕರೆಸಿ, ಮೇಜುಗಳನ್ನು ಗೋಡೆಗೆ ಸರಿಸಿದರೆ ಕಛೇರಿಯೇ ರಂಗಸ್ಥಳ.

ಮನೆಯವರೂ ತಮ್ಮ ಪಾಲನ್ನು ಹೊರಬೇಕು. ಸಂಜೆ ದಣಿದು ಬಂದವರು ದಣಿದಿರುವುದು ಮನಸ್ಸಿನಿಂದ; ಹಲವೊಮ್ಮೆ ಮೈ ದಣಿದೇ ಇರುವುದಿಲ್ಲ. ಅವರನ್ನು ಇನ್ನೊಂದು ಕುರ್ಚಿಯಲ್ಲಿ ಕೂರಿಸದೆ, ಮಕ್ಕಳ ಕೈಹಿಡಿಸಿ ಅಂಗಡಿಯವರೆಗೆ ಕಳುಹಿಸಿರಿ. ಅಮ್ಮನಿಗೆ ಅರ್ಧ ಗಂಟೆ ಹೊರಗೆ ನಡೆದುಬರಲು ಅನುಕೂಲವಾಗುವಂತೆ ಅಪ್ಪ, ಮಕ್ಕಳು ಅಡಿಗೆಮನೆಗೆ ನುಗ್ಗಲಿ, ಅದೂ ವ್ಯಾಯಾಮವೇ! ಸಂಬಳವು ತಿಂಗಳಿಗೊಮ್ಮೆ ಬರುತ್ತದೆ. ಅದನ್ನು ತರುವ ಜೀವವು ನಿವೃತ್ತಿಯ ಬಳಿಕವೂ ಬಹುಕಾಲ ನಮ್ಮೊಡನೆ ನಡೆದಾಡಬೇಕಾದರೆ ಇಂದು ಹತ್ತು ನಿಮಿಷ ಎದ್ದು ನಡೆಯಲಿ.