ಪೇಜ್ ಬೆಳ್ಳಗಾದ್ರೆ ನೆಟ್‌ವರ್ಕ್‌ನ ಬೈಬೇಡಿ

ಮೂಡಿಗೆರೆ ಹತ್ರ ನಮ್ಮ ಚಿಕ್ಕಪ್ಪನ ತೋಟ. ಕಾಫಿ ಕೊಳ್ಳೋಕೆ ವ್ಯಾಪಾರಿ ಬಂದು ಕೂತಿದ್ರು. ರೊಬಸ್ಟಾ ಚೆರಿ ಇವತ್ತು ಮೂಟೆಗೆ ಎಷ್ಟು ಅಂತ ಚಿಕ್ಕಪ್ಪ ಫೋನ್‌ನಲ್ಲಿ ದರದ ಪೇಜ್ ತೆಗೆದ್ರೆ, ಪೂರ್ತಿ ಬಿಳಿ. ಬಾಬಾಬುಡನ್‌ಗಿರಿಯಿಂದ ಕಳಸದವರೆಗೆ ನಮ್ಮ ಕಡೆ ಏನು ಕೆಟ್ರೂ ಬೈಗುಳ ನೆಟ್‌ವರ್ಕ್‌ಗೇ. ಆದ್ರೆ ಅದೇ ವೈಫೈನಲ್ಲಿ ನನ್ನ ಫೋನ್‌ಗೆ ಪೇಜ್ ಬಂತು.

ಅವರ ಫೋನ್‌ಗೆ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಎರರ್ ಓದಿದೆ. ಅವರದ್ದು ಆಂಡ್ರಾಯ್ಡ್ 6. ಅದಕ್ಕೆ ಸಿಗೋ ಕೊನೇ ಕ್ರೋಮ್ 106. ದರದ ಪಟ್ಟಿಯನ್ನ ಫೋನ್‌ನಲ್ಲೇ ಜೋಡಿಸೋ ಜಾವಾಸ್ಕ್ರಿಪ್ಟ್, ‘ಟುಸಾರ್ಟೆಡ್’ ಅನ್ನೋ ಫಂಕ್ಷನ್ ಕರೆದಿತ್ತು. ಅದು ಕ್ರೋಮ್‌ಗೆ ಬಂದಿದ್ದೇ 110ರಲ್ಲಿ, 2023ಕ್ಕೆ.

ಸರಿ, ಪಟ್ಟಿ ಒಂದೇ ಹೋಗ್ಬೇಕಿತ್ತಲ್ವಾ? ಸೈಟ್ ಕಟ್ಟಿದ್ದು ರಿಯಾಕ್ಟ್‌ನಲ್ಲಿ. 2017ರ ರಿಯಾಕ್ಟ್ 16ರಿಂದ, ಪುಟ ಕಟ್ಟುವಾಗ ಬಂದ ಎರರ್ ಅನ್ನ ಕೋಡ್‌ನಲ್ಲಿ ಎಲ್ಲೂ ಹಿಡೀದಿದ್ರೆ ಅದು ಇಡೀ ಪುಟವನ್ನೇ ಕಿತ್ತು ಹಾಕುತ್ತೆ. ತಪ್ಪು ಅಂಕಿ ತೋರಿಸೋದಕ್ಕಿಂತ ಏನೂ ತೋರಿಸದಿರೋದು ವಾಸಿ ಅನ್ನೋ ಲೆಕ್ಕ. ಬಿಕಾಂ ಓದಿದ ನನಗೆ ಅದು ಒಪ್ಪಿಗೆನೇ. ಆದ್ರೆ ‘ಈ ಫೋನ್‌ನಲ್ಲಿ ಆಗ್ತಿಲ್ಲ’ ಅಂತ ಒಂದು ಸಾಲಾದ್ರೂ ಹಾಕ್ಬಹುದಿತ್ತು.

‘ಬೇಬಲ್ ಹಾಕಿದೀವಲ್ಲ’ ಅಂತಾರೆ ಡೆವಲಪರ್‌ಗಳು. ಬೇಬಲ್ ಹೊಸ ವ್ಯಾಕರಣವನ್ನ ಹಳೇದಕ್ಕೆ ತಿರುಗಿಸುತ್ತೆ, ಅಷ್ಟೇ. ಬ್ರೌಸರ್‌ನಲ್ಲಿ ಇಲ್ಲದ ಫಂಕ್ಷನ್ ಸೇರಿಸೋಕೆ ಕೋರ್‌ಜೆಎಸ್ ಥರದ ಪಾಲಿಫಿಲ್ ಬೇಕು. ಅದೂ ಬೇಡ ಅಂದ್ರೆ ಪಟ್ಟಿಯ ಒಂದು ಕಾಪಿ ತೆಗೆದು ಹಳೇ ‘ಸಾರ್ಟ್’ ಕರೆದ್ರೂ ಕೆಲಸ ಆಗುತ್ತೆ.

ಚಿಕ್ಕಪ್ಪನ ಫೋನ್‌ಗೆ ಫೈರ್‌ಫಾಕ್ಸ್ ಹಾಕಿಕೊಟ್ಟೆ. ಅದರ ಎಂಜಿನ್ ಬೇರೆ, ‘ಟುಸಾರ್ಟೆಡ್’ 115ರಿಂದಲೇ ಇದೆ. ದರ ಕಾಣಿಸ್ತು. ವ್ಯಾಪಾರಿ ಹೇಳಿದ್ದಕ್ಕೂ ಅದಕ್ಕೂ ಸ್ವಲ್ಪ ವ್ಯತ್ಯಾಸ ಇತ್ತು, ಚೌಕಾಸಿ ಶುರುವಾಯ್ತು.