ಕಾರ್ ಲಿಫ್ಟ್: ಯಂತ್ರದ ಬೆಲೆಗಿಂತ ಮೊದಲು ನೆಲದ ಲೆಕ್ಕ

ಕಳೆದ ವರ್ಷ ಬೇಸಿಗೆಯ ಆರಂಭದಲ್ಲಿ ಚಿಮ್ಮಡ ಗ್ರಾಮದ ಗ್ಯಾರೇಜ್ ಮಾಲೀಕರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ಎರಡು ಕಂಬದ ಕಾರ್ ಲಿಫ್ಟಿನ ಕೊಟೇಶನ್ ಇತ್ತು. ಬ್ಯಾಂಕಿಗೆ ಸಲ್ಲಿಸಲು ಯೋಜನಾ ವರದಿ ಸಿದ್ಧಪಡಿಸಿಕೊಡಬೇಕೆಂಬುದು ಅವರ ಕೋರಿಕೆ. “ಸಾಹೇಬರ, ಬೆನ್ನು ನೆಲಕ್ಕ ಹಚ್ಚಿ ಹದಿನೆಂಟು ವರ್ಷ ಆತ್ರಿ. ಇನ್ನ ನಿಂತು ಕೆಲಸ ಮಾಡೂಣು ಅಂತೀನಿ” ಎಂದರು. ಅವರ ಅಪೇಕ್ಷೆ ನ್ಯಾಯವಾದದ್ದೇ. ಜ್ಯಾಕ್ ಹಾಗೂ ಕಟ್ಟಿಗೆಯ ತುಂಡುಗಳನ್ನು ನಂಬಿ ವಾಹನದ ಕೆಳಗೆ ಮಲಗುವ ದುಡಿಮೆ ಅಪಾಯಕರವೂ ಹೌದು, ಆಯುಷ್ಯ ಸವೆಸುವಂಥದ್ದೂ ಹೌದು.

ಆದರೂ ನಾನು ಕೂಡಲೇ ವರದಿ ಬರೆಯಲು ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಮತ್ತೊಂದು ಊರಿನ ಕಕ್ಷಿದಾರರಿಗೆ ಇಂಥದೇ ವರದಿಯನ್ನು ನಾನು ಬರೆದುಕೊಟ್ಟಿದ್ದೆ. ಅದರಲ್ಲಿ ಯಂತ್ರದ ಬೆಲೆಯಿತ್ತು, ಸಾಗಣೆಯಿತ್ತು, ತೆರಿಗೆಯಿತ್ತು. ಯಂತ್ರವನ್ನು ನಿಲ್ಲಿಸುವ ನೆಲಕ್ಕೆ ಮಾತ್ರ ಒಂದು ರೂಪಾಯಿಯೂ ಇರಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ನೆಲ ಬಿರಿದು ಬೋಲ್ಟುಗಳು ಸಡಿಲಗೊಂಡು ಒಂದು ಕಂಬ ವಾಲಿತು. ದೈವವಶಾತ್ ಆ ಹೊತ್ತಿಗೆ ಲಿಫ್ಟಿನ ಮೇಲೆ ಕಾರೂ ಇರಲಿಲ್ಲ, ಕೆಳಗೆ ಆಳೂ ಇರಲಿಲ್ಲ. ಯಂತ್ರ ಮೂಲೆ ಸೇರಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಆದ್ದರಿಂದ ಈ ಬಾರಿ ಸ್ಥಳ ನೋಡಿಯೇ ಲೆಕ್ಕ ಹಾಕುವುದೆಂದು ನಿಶ್ಚಯಿಸಿದೆ. ಸಣ್ಣ ಗ್ಯಾರೇಜ್ ನಡೆಸುವ ನಮ್ಮ ಸದಸ್ಯರಿಗೆ ಪ್ರಯೋಜನವಾದೀತೆಂದು ಆ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲ ಪ್ರಶ್ನೆ: ಗಿರಾಕಿ ಯಾರು?

ಹಿಂದೆ ಜಮಖಂಡಿ ತಾಲ್ಲೂಕಿನಲ್ಲಿದ್ದು ಈಗ ರಬಕವಿ-ಬನಹಟ್ಟಿ ತಾಲ್ಲೂಕಿಗೆ ಸೇರಿರುವ ಚಿಮ್ಮಡದ ಸುತ್ತಲಿನದು ಕಬ್ಬಿನ ಸೀಮೆ. ಮಹಾಲಿಂಗಪುರದ ಬೆಲ್ಲದ ಪೇಟೆ, ಬನಹಟ್ಟಿಯ ಸೀರೆ ಮಗ್ಗಗಳು, ಮುಧೋಳ-ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳು ಇಲ್ಲಿನ ವಾಹನ ಸಂಚಾರಕ್ಕೆ ಆಧಾರ. ಇಲ್ಲಿನ ಗ್ಯಾರೇಜಿಗೆ ಟ್ರ್ಯಾಕ್ಟರ್, ಟ್ರೇಲರ್, ದ್ವಿಚಕ್ರ ವಾಹನ, ಟಾಟಾ ಏಸ್, ಬೊಲೆರೊ, ಮಾರುತಿ ಕಾರುಗಳು ಎಲ್ಲವೂ ಬರುತ್ತವೆ. ಕಾರ್ ಲಿಫ್ಟ್ ಟ್ರ್ಯಾಕ್ಟರನ್ನು ಎತ್ತುವ ಸಾಧನವಲ್ಲ. ದ್ವಿಚಕ್ರ ವಾಹನಕ್ಕೆ ಅದರ ಅಗತ್ಯವೇ ಇಲ್ಲ. ಹೀಗಾಗಿ ಗ್ಯಾರೇಜಿನ ಒಟ್ಟು ವಹಿವಾಟನ್ನು ನೋಡಿ ಲಿಫ್ಟಿನ ಆದಾಯವನ್ನು ಅಂದಾಜು ಮಾಡುವುದು ಶುದ್ಧ ತಪ್ಪು.

ಒಂದು ತಿಂಗಳ ಕಾಲ ಬಂದ ಪ್ರತಿ ವಾಹನವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುವಂತೆ ಅವರಿಗೆ ತಿಳಿಸಿದೆ. ವಾಹನ ಯಾವುದು, ಕೆಲಸ ಏನು, ಕೆಳಗೆ ಇಳಿಯಬೇಕಾಯಿತೇ ಎಂಬ ಮೂರೇ ಕಾಲಂ. ತಿಂಗಳ ಕೊನೆಗೆ ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವು ಲಿಫ್ಟಿಗೆ ಸಂಬಂಧವೇ ಇಲ್ಲದ ಕೆಲಸಗಳಾಗಿದ್ದವು. ಉಳಿದವುಗಳಲ್ಲಿ ಕ್ಲಚ್, ಸೈಲೆನ್ಸರ್, ಸಸ್ಪೆನ್ಷನ್, ಆಯಿಲ್ ಬದಲಾವಣೆ ಮುಂತಾಗಿ ಕೆಳಗಿನಿಂದಲೇ ಮಾಡಬೇಕಾದ ಕೆಲಸಗಳು ದಿನಕ್ಕೆ ಸರಾಸರಿ ಎರಡಕ್ಕಿಂತ ತುಸು ಹೆಚ್ಚು. ಲಿಫ್ಟಿನ ಲೆಕ್ಕಕ್ಕೆ ಅಷ್ಟೇ ಬಂಡವಾಳ.

ಯಾವ ಮಾದರಿ?

ಹೈಡ್ರಾಲಿಕ್ ಕಾರ್ ಲಿಫ್ಟ್ ಹೊಸ ವಸ್ತುವೇನಲ್ಲ. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬ ಮೆಕ್ಯಾನಿಕ್ ಅದನ್ನು ರೂಪಿಸಿದ್ದು 1920ರ ದಶಕದಲ್ಲಿ. ಇಂದು ಸಣ್ಣ ಗ್ಯಾರೇಜಿನ ಮುಂದಿರುವ ಆಯ್ಕೆಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ನಮಗೆಲ್ಲ ಪರಿಚಿತವಾದ ಗುಂಡಿ. ಖರ್ಚು ಕಡಿಮೆ, ಕರೆಂಟ್ ಬೇಡ. ಆದರೆ ಪೆಟ್ರೋಲ್ ಆವಿಯೂ ಎಲ್‌ಪಿಜಿ ಅನಿಲವೂ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲಿಯೇ ತಂಗುತ್ತವೆ. ಒಂದು ಕಿಡಿ ಸಾಕು. ಚಕ್ರ ಬಿಚ್ಚುವ ಕೆಲಸಕ್ಕೂ ಗುಂಡಿ ನೆರವಾಗದು. ಎರಡನೆಯದು ಸಿಜರ್ ಲಿಫ್ಟ್. ಕತ್ತರಿಯಂತೆ ತೆರೆದುಕೊಂಡು ಸುಮಾರು ಒಂದು ಮೀಟರ್ ಎತ್ತುವ ಚಿಕ್ಕ ಮಾದರಿಗಳು ತಗ್ಗು ಛಾವಣಿಗೆ ಹೊಂದುತ್ತವೆ. ಟೈರು, ಬ್ರೇಕು, ಡೆಂಟಿಂಗ್ ಕೆಲಸಕ್ಕೆ ಉತ್ತಮ. ಆದರೆ ಯಂತ್ರವೇ ವಾಹನದ ನಡುವೆ ಇರುವುದರಿಂದ ಗೇರ್‌ಬಾಕ್ಸ್ ಇಳಿಸುವುದು ಕಷ್ಟ. ಮೂರನೆಯದು ನಾಲ್ಕು ಕಂಬದ್ದು. ವಾಹನ ತನ್ನ ಚಕ್ರಗಳ ಮೇಲೆಯೇ ನಿಲ್ಲುವುದರಿಂದ ಸ್ಥಿರ; ಸ್ಥಳ ಮಾತ್ರ ಹೆಚ್ಚು ಬೇಕು. ನಾಲ್ಕನೆಯದೇ ಎರಡು ಕಂಬದ ಲಿಫ್ಟ್. ಚಕ್ರಗಳು ಗಾಳಿಯಲ್ಲಿ ತೂಗುತ್ತವೆ, ಕೆಳಭಾಗ ಪೂರ್ತಿ ತೆರೆದಿರುತ್ತದೆ. ಮೆಕ್ಯಾನಿಕನಿಗೆ ಇದೇ ಹೆಚ್ಚು ಅನುಕೂಲ. ಆದರೆ ಇಡೀ ಭಾರವನ್ನು ನೆಲಕ್ಕೆ ಕಚ್ಚಿದ ಕೆಲವೇ ಬೋಲ್ಟುಗಳು ಹಿಡಿದಿರುವುದರಿಂದ ನೆಲದ ಬಗ್ಗೆ ಅತಿ ನಿಷ್ಠುರವಾದ ಯಂತ್ರವೂ ಇದೇ.

ಛಾವಣಿಯ ಲೆಕ್ಕ

ಚಿಮ್ಮಡದ ಆ ಗ್ಯಾರೇಜ್ ಮನೆಗೆ ಹೊಂದಿಕೊಂಡ ಹಳೆಯ ದನದ ಕೊಟ್ಟಿಗೆ. ಅಗಲ 12 ಅಡಿ, ಉದ್ದ 20 ಅಡಿ, ತಗಡಿನ ಛಾವಣಿಯ ಎತ್ತರ 10 ಅಡಿ, ಅಂದರೆ 305 ಸೆಂಟಿಮೀಟರ್. ಸ್ವಿಫ್ಟ್ ಕಾರಿನ ಎತ್ತರ ಸುಮಾರು 153 ಸೆಂ.ಮೀ. ಮೇಲೆ 10 ಸೆಂ.ಮೀ. ಅಂತರ ಬಿಟ್ಟರೆ ಅದನ್ನು 142 ಸೆಂ.ಮೀ. ಎತ್ತಬಹುದು. ಬೊಲೆರೊ ಎತ್ತರ ಸುಮಾರು 188 ಸೆಂ.ಮೀ.; ಅದು ಏರುವುದು 107 ಸೆಂ.ಮೀ. ಮಾತ್ರ, ಅಂದರೆ ಮೂರೂವರೆ ಅಡಿ. ನಿಂತು ಕೆಲಸ ಮಾಡಬೇಕೆಂದು ಲಿಫ್ಟ್ ಕೊಳ್ಳುವವರು ಅದರ ಕೆಳಗೆ ಸ್ಟೂಲ್ ಹಾಕಿ ಕೂರಬೇಕಾಗುತ್ತದೆ!

ಅಗಲದಲ್ಲಿಯೂ ತೊಡಕು. ಎರಡು ಕಂಬದ ಲಿಫ್ಟಿನ ಹೊರ ಅಗಲವೇ ಸಾಮಾನ್ಯವಾಗಿ 11 ಅಡಿಯ ಆಸುಪಾಸು. 12 ಅಡಿಯ ಕೋಣೆಯಲ್ಲಿ ಅದನ್ನು ನಿಲ್ಲಿಸಿದರೆ ಕಂಬದ ಹಿಂದೆ ಕೈ ಹಾಕಲೂ ಜಾಗವಿರದು. ಬೋಲ್ಟುಗಳು ಗೋಡೆಯ ಬುನಾದಿಯ ಅಂಚಿಗೆ ಬೀಳುತ್ತವೆ. ಕೊಟೇಶನ್ ನೀಡಿದವರು ಒಮ್ಮೆಯಾದರೂ ಬಂದು ಟೇಪು ಹಿಡಿದಿದ್ದರೆ ಈ ಮಾತು ಅಂದೇ ತಿಳಿಯುತ್ತಿತ್ತು. ಯಂತ್ರವನ್ನು ಕೊಟ್ಟಿಗೆಯಲ್ಲಲ್ಲ, ಮುಂದಿನ ಅಂಗಳದಲ್ಲಿ 14 ಅಡಿ ಎತ್ತರದ ತಗಡಿನ ಶೆಡ್ ಹಾಕಿ ನಿಲ್ಲಿಸುವುದೇ ಸರಿಯೆಂದು ನಾವು ತೀರ್ಮಾನಿಸಿದೆವು.

ಎರೆಮಣ್ಣಿನ ಮೇಲೆ ಎರಡು ಟನ್

ಈಗ ನೆಲದ ವಿಚಾರ. ಕೊಟ್ಟಿಗೆಯ ನೆಲಕ್ಕೆ ಕಲ್ಲಿನ ಫರಸಿ ಹಾಸಿತ್ತು. “ಫರಸಿ ಗಟ್ಟಿ ಅದಾವ್ರಿ” ಎಂಬುದು ಮಾಲೀಕರ ನಂಬಿಕೆ. ಫರಸಿ ತುಳಿತವನ್ನು ತಾಳುತ್ತದೆಯೇ ಹೊರತು ಬೋಲ್ಟಿನ ಎಳೆತವನ್ನು ತಾಳದು. ವಾಹನ ಮೇಲೇರಿದಾಗ ಕಂಬಗಳು ಒಳಮುಖವಾಗಿ ವಾಲಲು ಹವಣಿಸುತ್ತವೆ. ಹೊರಬದಿಯ ಬೋಲ್ಟುಗಳು ಕಿತ್ತುಬರುವಂತೆ ಎಳೆಯಲ್ಪಡುತ್ತವೆ. ಈ ಎಳೆತವನ್ನು ಅಖಂಡವಾದ ಕಾಂಕ್ರೀಟ್ ಮಾತ್ರ ಹಿಡಿದಿಡಬಲ್ಲದು. ಅದು ಕನಿಷ್ಠ 6 ಇಂಚು ದಪ್ಪವಿರುವುದು ಕ್ಷೇಮ. ಯಂತ್ರದ ಕೈಪಿಡಿ ಹೆಚ್ಚು ಕೇಳಿದರೆ ಹೆಚ್ಚೇ ಹಾಕಬೇಕು. ಬೋಲ್ಟ್ ಕೊರೆಯುವ ಮುನ್ನ 28 ದಿನಗಳಾದರೂ ಕಾಂಕ್ರೀಟ್ ಬಲಿಯಬೇಕು.

ನಮ್ಮ ಭಾಗದಲ್ಲಿ ಇದಕ್ಕೂ ಮಿಗಿಲಾದ ಸಮಸ್ಯೆ ಎರೆಮಣ್ಣು. ಮಳೆಗಾಲದಲ್ಲಿ ನೀರುಂಡು ಉಬ್ಬುವ, ಬೇಸಿಗೆಯಲ್ಲಿ ಒಣಗಿ ಬಾಯಿಬಿಡುವ ಈ ಮಣ್ಣು ಬೆಳೆಗೆ ಭಾಗ್ಯ, ಕಟ್ಟಡಕ್ಕೆ ಶಾಪ. ಹೊಲದಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ಮಣ್ಣು ಕಾಂಕ್ರೀಟಿನ ಕೆಳಗೆ ಸುಮ್ಮನಿದ್ದೀತೇ? ಈ ಬಗೆಯ ಮಣ್ಣನ್ನು ಕುರಿತು ಮುಂಬಯಿ ಐಐಟಿಯಲ್ಲಿ ಪ್ರೊ. ಆರ್. ಕೆ. ಕಟ್ಟಿಯವರು ನಡೆಸಿದ ಸಂಶೋಧನೆ ಸಿವಿಲ್ ಇಂಜಿನಿಯರುಗಳಿಗೆ ಸುಪರಿಚಿತ. ಉಬ್ಬುವ ಮಣ್ಣಿನ ಮೇಲೆ ಉಬ್ಬದಿರುವ, ಅಂಟುಗುಣವುಳ್ಳ ಮಣ್ಣಿನ ದಪ್ಪ ಪದರವನ್ನು ಹಾಸಿದರೆ ಕೆಳಗಿನ ಮಣ್ಣಿನ ಉಬ್ಬರ ಅಡಗುತ್ತದೆಂಬುದು ಅದರ ಸಾರ. ನಮ್ಮ ಕಕ್ಷಿದಾರರ ಅಂಗಳದಲ್ಲಿಯೂ ಸ್ಥಳೀಯ ಇಂಜಿನಿಯರರೊಬ್ಬರ ಸಲಹೆಯಂತೆ ಮೂರು ಅಡಿ ಎರೆಮಣ್ಣು ತೆಗೆದು, ಗರಸು ಮಣ್ಣನ್ನು ಪದರಪದರವಾಗಿ ನೀರು ಹೊಡೆದು ದಮ್ಮಸು ಮಾಡಿ, ಅದರ ಮೇಲೆ ಕಬ್ಬಿಣದ ಜಾಲರಿ ಸಹಿತ ಕಾಂಕ್ರೀಟ್ ಹಾಕಲಾಯಿತು. ಬಚ್ಚಲಿನ ನೀರು ಅತ್ತ ಹರಿಯದಂತೆ ಗಟಾರವನ್ನೂ ತಿರುಗಿಸಲಾಯಿತು.

ವಿದ್ಯುತ್ತು

ಇಂಥ ಲಿಫ್ಟುಗಳ ಮೋಟಾರು ಸಾಮಾನ್ಯವಾಗಿ 3 ಅಶ್ವಶಕ್ತಿಯದು. ಸಿಂಗಲ್ ಫೇಸ್, ತ್ರೀ ಫೇಸ್ ಎರಡರಲ್ಲೂ ದೊರೆಯುತ್ತದೆ. ಇಲ್ಲಿ ಎಚ್ಚರಿಕೆಯ ಒಂದು ಮಾತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮನೆ ಮೀಟರಿನಿಂದಲೇ ಗ್ಯಾರೇಜಿನ ಮೋಟಾರು ನಡೆಸುವ ಆಸೆ ಯಾರಿಗಾದರೂ ಬರಬಹುದು. ಗೃಹಬಳಕೆಗೆಂದು ಪಡೆದ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆ. ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ತೆರಬೇಕಾದೀತು. ಹೆಸ್ಕಾಂಗೆ ಅರ್ಜಿ ಸಲ್ಲಿಸಿ ಪ್ರತ್ಯೇಕ ಸಂಪರ್ಕ ಪಡೆಯುವುದೇ ಲೇಸು. ಕರೆಂಟ್ ಹೋದಾಗ ಕೈಯಿಂದಲೇ ವಾಹನ ಇಳಿಸುವ ವಾಲ್ವ್ ಇದೆಯೇ ಎಂಬುದನ್ನೂ ಕೊಳ್ಳುವಾಗಲೇ ನೋಡಿಕೊಳ್ಳಬೇಕು.

ಹಣದ ಲೆಕ್ಕ

ಉದಾಹರಣೆಗಾಗಿ ಯಂತ್ರದ ಬೆಲೆ 2,00,000 ರೂ. ಎಂದಿಟ್ಟುಕೊಳ್ಳೋಣ. ಶೇಕಡಾ 18ರ ಜಿಎಸ್‌ಟಿ 36,000 ರೂ. ನೆಲ, ಶೆಡ್, ವಿದ್ಯುತ್ ಸೇರಿ 1,00,000 ರೂ. ಒಟ್ಟು 3,36,000 ರೂ. ಇದರಲ್ಲಿ 86,000 ರೂ. ಸ್ವಂತದ್ದು, 2,50,000 ರೂ. ಸಾಲ. 50,000 ರೂ.ಗಿಂತ ಮೇಲ್ಪಟ್ಟು 5 ಲಕ್ಷ ರೂ.ವರೆಗಿನ ಸಾಲ ಮುದ್ರಾ ಯೋಜನೆಯ ‘ಕಿಶೋರ’ ವರ್ಗದಲ್ಲಿ ಬರುತ್ತದೆ. ಅದಕ್ಕೆ ಅಡಮಾನದ ಅಗತ್ಯವಿಲ್ಲ. ಶೇಕಡಾ 11ರ ಬಡ್ಡಿಯಂತೆ 36 ತಿಂಗಳಿಗೆ ಕಂತು ಸುಮಾರು 8,185 ರೂ. ಕರೆಂಟ್, ಆಯಿಲ್, ದುರಸ್ತಿಗೆ ಉಳಿದದ್ದನ್ನು ಸೇರಿಸಿ ತಿಂಗಳಿಗೆ 10,000 ರೂ. ಎನ್ನಿ. ಲಿಫ್ಟಿನ ದೆಸೆಯಿಂದ ಪ್ರತಿ ಕೆಲಸಕ್ಕೆ ಹೆಚ್ಚುವರಿಯಾಗಿ 200 ರೂ. ಉಳಿದರೆ ತಿಂಗಳಿಗೆ 50 ಕೆಲಸ ಬೇಕು. 26 ದಿನಗಳ ದುಡಿಮೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ ಎರಡು. ನೋಟುಬುಕ್ಕಿನ ಸರಾಸರಿ ಇದಕ್ಕಿಂತ ಕೂದಲೆಳೆಯಷ್ಟೇ ಮೇಲಿತ್ತು. ಕಬ್ಬಿನ ಹಣ ಓಡಾಡುವ ಹಂಗಾಮಿನಲ್ಲಿ ಕೆಲಸ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಆದ್ದರಿಂದ ಮೂರು ಕಂತುಗಳಷ್ಟು ಹಣವನ್ನು ಪ್ರತ್ಯೇಕವಾಗಿರಿಸಲು ಸೂಚಿಸಿದೆ.

ತೆರಿಗೆಯ ದೃಷ್ಟಿಯಿಂದ ನಾಲ್ಕು ಅಂಶಗಳು ಗಮನಾರ್ಹ. ಒಂದು: ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿಯಾಗಿದ್ದರೆ ಆ 36,000 ರೂ.ಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ ಇಲ್ಲ. ಎರಡು: ಕಟ್ಟಡಕ್ಕೆ ಈ ಜಮೆ ಇಲ್ಲವಾದರೂ ಯಂತ್ರವನ್ನು ನೆಲಕ್ಕೆ ಬಂಧಿಸುವ ಫೌಂಡೇಶನ್ ಯಂತ್ರದ ಭಾಗವೆಂದೇ ಪರಿಗಣಿತ. ಆದ್ದರಿಂದ ಶೆಡ್ಡಿನ ಬಿಲ್ಲನ್ನೂ ಫೌಂಡೇಶನ್ ಬಿಲ್ಲನ್ನೂ ಬೇರೆ ಬೇರೆಯಾಗಿ ಪಡೆಯಬೇಕು. ಮೂರು: ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಯಂತ್ರದ ವೆಚ್ಚದಲ್ಲಿ ಸೇರದು, ಅದಕ್ಕೆ ಸವಕಳಿಯೂ ಸಿಗದು. ನಾಲ್ಕು: ಯಂತ್ರಕ್ಕೆ ಸವಕಳಿ ಶೇಕಡಾ 15, ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಂದಾಜು ಆದಾಯ ಪದ್ಧತಿಯಲ್ಲಿ ವಿವರಣೆ ಸಲ್ಲಿಸುವವರಿಗೆ ಸವಕಳಿ ಪ್ರತ್ಯೇಕವಾಗಿ ದೊರೆಯದು.

ಒಂದು ಮಳೆಗಾಲದ ಪರೀಕ್ಷೆ

ನೆಲದ ಕೆಲಸ ಮೇ ತಿಂಗಳಲ್ಲಿ ಮುಗಿಯಿತು. ಕೂಡಲೇ ಯಂತ್ರ ತರಿಸುವ ಆತುರ ಮಾಲೀಕರಿಗಿತ್ತು. “ಒಂದು ಮಳೆಗಾಲ ಹೋಗಲಿ, ನೆಲ ಏನು ಹೇಳುತ್ತದೋ ನೋಡೋಣ” ಎಂದೆ. ತಡವಾದರೆ ಸವಕಳಿ ಅರ್ಧವಾಗುವುದಲ್ಲವೇ ಎಂದು ಅವರು ನನ್ನ ಪಾಠವನ್ನು ನನಗೇ ಒಪ್ಪಿಸಿದರು! ಆ ವರ್ಷ ಕಡಿಮೆಯಾಗುವ 15,000 ರೂ. ಸವಕಳಿ ನಷ್ಟವಲ್ಲ, ಮುಂದಿನ ವರ್ಷಗಳಿಗೆ ಸರಿಯುತ್ತದೆ. ಬಿರಿದ ನೆಲ ಹಾಗೆ ಸರಿಯದು ಎಂದು ವಿವರಿಸಿದ ಮೇಲೆ ಒಪ್ಪಿದರು. ಮಳೆ ಬಂದು ಹೋಯಿತು. ಕಾಂಕ್ರೀಟು ಬಿರಿಯಲಿಲ್ಲ, ಮಟ್ಟ ಹಿಡಿದು ನೋಡಿದರೆ ಕದಲಿರಲಿಲ್ಲ. ದೀಪಾವಳಿಯ ಪಾಡ್ಯದಂದು ಲಿಫ್ಟಿಗೆ ಪೂಜೆಯಾಯಿತು.

ಈಗ ಅವರ ಗೋಡೆಯ ಮೇಲೆ ಐದು ನಿಯಮಗಳ ಫಲಕವೊಂದಿದೆ. ವಾಹನ ತುಸು ಏರಿದೊಡನೆ ಅಲುಗಾಡಿಸಿ ನೋಡುವುದು. ಬೇಕಾದ ಎತ್ತರ ತಲುಪಿದ ಮೇಲೆ ಲಾಕಿನ ಮೇಲೆ ಕೂರಿಸದೆ ಕೆಳಗೆ ಹೋಗದಿರುವುದು. ಸರಕು ತುಂಬಿದ ವಾಹನವನ್ನು ಎತ್ತದಿರುವುದು. ಇಂಜಿನ್ ಇಳಿಸುವಾಗ ಭಾರ ಹಿಂದಕ್ಕೆ ಸರಿಯುವುದರಿಂದ ಹಿಂಬದಿಗೆ ಆಸರೆ ಕೊಡುವುದು. ಪ್ರತಿ ಸೋಮವಾರ ಬೋಲ್ಟ್ ಹಾಗೂ ವೈರ್ ರೋಪ್ ಪರೀಕ್ಷಿಸುವುದು. ಕೆಲಸದಾಳಿಗೆ ಪೆಟ್ಟಾದರೆ ಕಾನೂನಿನ ಹೊಣೆ ಮಾಲೀಕನದೇ. ಅದಕ್ಕೂ ಗಿರಾಕಿಯ ವಾಹನಕ್ಕೂ ವಿಮೆ ಮಾಡಿಸಿ, ಗ್ರಾಮ ಪಂಚಾಯತಿಯ ಪರವಾನಗಿಯನ್ನೂ ಪಡೆದಿದ್ದಾರೆ.

ಯಂತ್ರ ಮಾರುವವರು ಎಷ್ಟು ಟನ್ ಎತ್ತುತ್ತದೆಂದು ಹೇಳುತ್ತಾರೆ. ಅಷ್ಟು ಭಾರವನ್ನು ನಮ್ಮ ನೆಲ ಹೊರುವುದೇ, ನಮ್ಮ ವ್ಯಾಪಾರ ಹೊರುವುದೇ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಕೊಟೇಶನ್ ಹಿಡಿದು ಬ್ಯಾಂಕಿಗೆ ಹೋಗುವ ಮುನ್ನ ಒಂದು ಟೇಪು, ಒಂದು ನೋಟುಬುಕ್ಕು, ಒಬ್ಬ ಇಂಜಿನಿಯರ್ ಇವಿಷ್ಟನ್ನು ಹೊಂದಿಸಿಕೊಳ್ಳಿರೆಂದು ಸದಸ್ಯ ಬಾಂಧವರಲ್ಲಿ ವಿನಂತಿ. ಆ ಯಂತ್ರದ ಕೆಳಗೆ ನಿಲ್ಲುವವರು ನಮ್ಮವರೇ.